ವೆಲ್ ಹಳದಿಯಾದ ಮಾತ್ರಕ್ಕೆ ಝೀಕಾ ಎಂದು ಬರೆಯಬೇಡಿ

ಪುಣೆಯ ಲ್ಯಾಬುಗಳಲ್ಲಿ ಸೀರಂ (ರಕ್ತದ ತಿಳಿ) ಪರೀಕ್ಷೆ ಮಾಡುವ ಕನ್ನಡದ ಗೆಳೆಯರಿಗೆ ಇದು. ಝೀಕಾ ಸೊಳ್ಳೆಯಿಂದ ಹರಡುವ, ಗರ್ಭದ ಮಗುವಿಗೂ ಹಾನಿ ಮಾಡಬಲ್ಲ ವೈರಸ್. ಇಲ್ಲಿನ ಒಂದು ಸಂಶೋಧನಾ ಲ್ಯಾಬಿನಲ್ಲಿ ಝೀಕಾ ಐಜಿಜಿ ಎಲೈಸಾ (ಪ್ಲೇಟಿನ ವೆಲ್ ಎಂಬ ಪುಟ್ಟ ಗುಳಿಗಳಲ್ಲಿ ಬಣ್ಣ ನೋಡಿ, ಸೋಂಕಿನ ನಂತರ ಬಹುಕಾಲ ಉಳಿಯುವ ಐಜಿಜಿ ಆಂಟಿಬಾಡಿಯನ್ನು ಹುಡುಕುವ ಪರೀಕ್ಷೆ) ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಸ್ಯಾಂಪಲ್ ಪಾಸಿಟಿವ್ ಬಂದವು. ಆಮೇಲೆ ನ್ಯೂಟ್ರಲೈಸೇಶನ್‌ಗೆ, ಅಂದರೆ ಸೀರಂ ಜೀವಂತ ವೈರಸ್ಸನ್ನು ತಡೆಯುತ್ತದೆಯೇ ಎಂಬ ಪರೀಕ್ಷೆಗೆ ಹಾಕಿದರೆ ಅವುಗಳಲ್ಲಿ ಬಹುಪಾಲು ಝೀಕಾವನ್ನು ತಡೆಯಲೇ ಇಲ್ಲ, ಡೆಂಗಿಯನ್ನು ತಡೆದವು. ಅಷ್ಟರಲ್ಲಿ ಕೆಲವು ಗರ್ಭಿಣಿಯರ ಕೈಗೆ ರಿಪೋರ್ಟ್ ಹೋಗಿಯಾಗಿತ್ತು. 2021ರಲ್ಲಿ ಪುರಂದರ ತಾಲ್ಲೂಕಿನ ಬೇಲ್ಸರ್‌ನಲ್ಲಿ ಝೀಕಾ ಸಿಕ್ಕಿದ್ದು ಈ ಜಿಲ್ಲೆಯ ಜನಕ್ಕೆ ಗೊತ್ತು. ಅಂಥ ರಿಪೋರ್ಟ್ ಹಿಡಿದ ಬಸುರಿಯ ಮನೆಯಲ್ಲಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ತಪ್ಪು ಆದದ್ದು ಪ್ಲೇಟಿಗಿಂತ ಮೊದಲೇ, ಕಟ್-ಆಫ್ (ಪಾಸಿಟಿವ್ ಎನ್ನಲು ದಾಟಬೇಕಾದ ಗೆರೆ) ಲೆಕ್ಕದಲ್ಲಿ. ನೆಗೆಟಿವ್ ಸೀರಂಗಳ ಸರಾಸರಿಗೆ ಮೂರು ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡಿಸುವುದು ರೂಢಿ. ಸರಿಯೇ. ಆದರೆ ಆ ನೆಗೆಟಿವ್ ಸೀರಂಗಳು ಡೆಂಗಿಯೇ ಇಲ್ಲದ ದೇಶದವು. ಪುಣೆಯ ವಯಸ್ಕರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲದೆಯೇ ಡೆಂಗಿ ಬಂದು ಹೋಗಿರುತ್ತದೆ. ಇವೆಲ್ಲ ಸೇರಿದ ಫ್ಲೇವಿವೈರಸ್ ಕುಟುಂಬದ ಹೊರಕವಚದ ಇ ಪ್ರೋಟೀನಿನಲ್ಲಿ ಫ್ಯೂಶನ್ ಲೂಪ್ ಎಂಬ ಭಾಗ ಡೆಂಗಿ, ಝೀಕಾ, ಜಪಾನೀಸ್ ಎನ್ಸೆಫಲೈಟಿಸ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಅದಕ್ಕೆ ಹುಟ್ಟಿದ ಆಂಟಿಬಾಡಿ ಯಾವ ವೈರಸ್ಸಿನ ಇ ಪ್ರೋಟೀನ್ ಇಟ್ಟರೂ ಹೋಗಿ ಅಂಟುತ್ತದೆ. ಹಾಗಾಗಿ ಕಟ್-ಆಫ್‌ಗೆ ಇದೇ ಊರಿನ, ಡೆಂಗಿ ಐಜಿಜಿ ಇದ್ದು ಝೀಕಾ ನ್ಯೂಟ್ರಲೈಸ್ ಮಾಡದ ಸೀರಂಗಳನ್ನೂ ಸೇರಿಸಲೇಬೇಕು. ಆಂಟಿಜನ್ (ಆಂಟಿಬಾಡಿ ಹಿಡಿಯಲು ವೆಲ್ಲಿಗೆ ಅಂಟಿಸುವ ವೈರಸ್ ಪ್ರೋಟೀನ್) ಆಗಿ ಇಡೀ ಇ ಪ್ರೋಟೀನಿಗಿಂತ ಎನ್‌ಎಸ್1 ಎಂಬ ಇನ್ನೊಂದು ವೈರಸ್ ಪ್ರೋಟೀನ್ ವಾಸಿ, ಆದರೆ ಅದೂ ಪೂರ್ತಿ ಶುದ್ಧವಲ್ಲ.

ಮಲೆನಾಡಿನಿಂದ ಬಂದವರ ಸ್ಯಾಂಪಲ್ ಇದ್ದರೆ ಮಂಗನ ಕಾಯಿಲೆ ಮತ್ತು ಅದರ ಲಸಿಕೆಯ ಬಗ್ಗೆಯೂ ಫಾರಂನಲ್ಲಿ ಕೇಳಿ. ಉಣ್ಣೆ ಹುಳುವಿನಿಂದ (ಉಣುಗಿನಿಂದ) ಹರಡುವ ಆ ವೈರಸ್ಸೂ ಇದೇ ಕುಟುಂಬದ್ದು. 1957ರಲ್ಲಿ ಅದನ್ನು ಗುರುತಿಸಿದ್ದೂ ಪುಣೆಯ ವೈರಸ್ ಸಂಶೋಧನಾ ಕೇಂದ್ರವೇ.

ಪ್ಲೇಟಿನಲ್ಲಿ ಇನ್ನೂ ಎರಡು ದೋಷಗಳಿದ್ದವು. ಆಂಟಿಜನ್ ಹಾಕದ ವೆಲ್ ಒಂದೂ ಇರಲಿಲ್ಲ. ಕೆಲವರ ಸೀರಂ ಬರಿಯ ಪ್ಲಾಸ್ಟಿಕ್ಕಿಗೂ ವೆಲ್ಲಿನ ಖಾಲಿ ಜಾಗ ಮುಚ್ಚಲು ಹಾಕುವ ಬ್ಲಾಕಿಂಗ್ ಪ್ರೋಟೀನಿಗೂ ಅಂಟುತ್ತದೆ. ಆದ್ದರಿಂದ ಪ್ರತಿ ಸ್ಯಾಂಪಲ್ಲಿಗೂ ಎರಡು ವೆಲ್ ಆಂಟಿಜನ್ ಇರುವುದು, ಎರಡು ಇಲ್ಲದ್ದು ಇಡಿ. ಇಲ್ಲದ್ದಕ್ಕೂ ಪಿಎಚ್ 9.6ರ ಕಾರ್ಬೊನೇಟ್ ಬಫರ್ 100 ಮೈಕ್ರೋಲೀಟರ್ ಹಾಕಿ, 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ಬ್ಲಾಕಿಂಗ್‌ನಿಂದ ಕೊನೆಯವರೆಗೆ ಒಂದೇ ರೀತಿ ನಡೆಸಿ. 450 ನ್ಯಾನೋಮೀಟರಿನ ಓದಿನಲ್ಲಿ ಎರಡರ ವ್ಯತ್ಯಾಸವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಂಟಿಜನ್ ಇಲ್ಲದ ವೆಲ್ಲೇ ಗಾಢ ಹಳದಿಯಾದರೆ ಆ ಸ್ಯಾಂಪಲ್ಲಿನ ಫಲಿತಾಂಶ ಬರೆಯಬೇಡಿ.

ಇನ್ನೊಂದು ದೋಷ ಸೆಕೆಂಡರಿ ಆಂಟಿಬಾಡಿಯದು, ಅಂದರೆ ರೋಗಿಯ ಆಂಟಿಬಾಡಿಗೆ ಅಂಟಿ ಬಣ್ಣ ಬರಿಸಲು ಹಾಕುವ ಎರಡನೆಯ ಆಂಟಿಬಾಡಿಯದು. ಬಾಟಲಿ ಮೇಲೆ ಆಂಟಿ-ಹ್ಯೂಮನ್ ಐಜಿಜಿ, ಎಚ್ ಪ್ಲಸ್ ಎಲ್ (ಆಂಟಿಬಾಡಿಯ ಹೆವಿ ಮತ್ತು ಲೈಟ್ ಚೈನ್ ಎರಡಕ್ಕೂ ಅಂಟುವಂಥದ್ದು) ಎಂದಿತ್ತು. ಲೈಟ್ ಚೈನ್ ಸೋಂಕಿನ ಆರಂಭದಲ್ಲಿ ಬರುವ ಐಜಿಎಂ ಆಂಟಿಬಾಡಿಯಲ್ಲೂ ಇರುವುದರಿಂದ ಅದು ಎರಡನ್ನೂ ಹಿಡಿಯುತ್ತದೆ. ಐಜಿಜಿ ಮಾತ್ರ ಬೇಕಿದ್ದರೆ ಗಾಮಾ ಚೈನಿಗೆ (ಐಜಿಜಿಯದೇ ಹೆವಿ ಚೈನ್) ಅಥವಾ ಐಜಿಜಿಯ ಎಫ್‌ಸಿ ಭಾಗಕ್ಕೆ ಮಾತ್ರ ಅಂಟುವಂಥದ್ದನ್ನು ಕೊಳ್ಳಿ. ಹಾಗೆಯೇ 4ಜಿ2 ಎಂಬ ಮಾನೋಕ್ಲೋನಲ್ (ಒಂದೇ ಜಾಗಕ್ಕೆ ಅಂಟುವ ಆಂಟಿಬಾಡಿ) ಕ್ಯಾಟಲಾಗಿನಲ್ಲಿ ಡೆಂಗಿ ಹೆಸರಿನಡಿ ಸಿಗುವುದುಂಟು. ಅದು ಫ್ಯೂಶನ್ ಲೂಪಿಗೆ ಅಂಟಿ ಇಡೀ ಫ್ಲೇವಿವೈರಸ್ ಗುಂಪನ್ನೇ ಹಿಡಿಯುತ್ತದೆ. ಕ್ಲೋನ್ ಹೆಸರು ನೋಡದೆ ಆರ್ಡರ್ ಮಾಡಬೇಡಿ. ವಾಶ್ ಬಫರಿನಲ್ಲಿ ಸೋಡಿಯಂ ಅಝೈಡ್ ಇದ್ದರೆ ಬಣ್ಣ ಬರಿಸುವ ಎಂಜೈಮ್ ಎಚ್‌ಆರ್‌ಪಿ ಸಾಯುತ್ತದೆ, ಆಗ ಪಾಸಿಟಿವ್ ಕೂಡ ನೆಗೆಟಿವ್ ಕಾಣುತ್ತದೆ.

ಪಾಸಿಟಿವ್ ಬಂದದ್ದನ್ನು ಝೀಕಾ ಮತ್ತು ನಾಲ್ಕೂ ಡೆಂಗಿ ಸೀರೋಟೈಪ್‌ಗಳ (ಬಗೆಗಳ) ಎದುರು ಅಕ್ಕಪಕ್ಕ, ಒಂದೇ ದಿನ ನ್ಯೂಟ್ರಲೈಸೇಶನ್ ಮಾಡಿ. ಸೀರಂ 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಲಿ. 1:10ರಿಂದ ಎರಡರ ಪಟ್ಟು ಡೈಲ್ಯೂಶನ್, ಸಮ ಪ್ರಮಾಣ ವೈರಸ್, 37 ಡಿಗ್ರಿಯಲ್ಲಿ ಒಂದು ತಾಸು, ಆಮೇಲೆ ವೀರೋ ಸೆಲ್ (ಲ್ಯಾಬಿನಲ್ಲಿ ಬೆಳೆಸಿದ ಮಂಗದ ಮೂತ್ರಪಿಂಡದ ಜೀವಕೋಶ) ಮೇಲೆ. ಪ್ಲಾಕ್ (ವೈರಸ್ ಸೆಲ್ ಕೊಂದಲ್ಲಿ ಕಾಣುವ ಕಲೆ) 90 ಶೇಕಡಾ ಇಳಿದ ಟೈಟರ್ (ಸೀರಂ ಎಷ್ಟು ತೆಳುವಾಗುವವರೆಗೆ ತಡೆಯಿತು ಎಂಬ ಅಳತೆ) ಬರೆದುಕೊಳ್ಳಿ, ಇಲ್ಲಿ 50 ಶೇಕಡಾ ಲೆಕ್ಕ ಹಿಡಿದರೆ ಅಡ್ಡ ಪ್ರತಿಕ್ರಿಯೆಯೂ ಒಳನುಗ್ಗುತ್ತದೆ. ಒಂದರ ಟೈಟರ್ ಇನ್ನೊಂದಕ್ಕಿಂತ ನಾಲ್ಕು ಪಟ್ಟಾದರೂ ಹೆಚ್ಚಿದ್ದರೆ ಆ ಕಡೆ ವಾಲಬಹುದು. ಎರಡನೇ ಸಲ ಸೋಂಕಾದವರಲ್ಲಿ ಎಷ್ಟೋ ಸಲ ಹಾಗೆ ಬೇರೆಯಾಗುವುದೇ ಇಲ್ಲ. ಆಗ 'ಫ್ಲೇವಿವೈರಸ್ ಸೋಂಕು, ಯಾವುದೆಂದು ತಿಳಿಯಲಾಗಿಲ್ಲ' ಎಂದೇ ಬರೆಯಿರಿ. ಮೊದಲೇ ಝೀಕಾ ಎಂದು ಕೊಟ್ಟ ರಿಪೋರ್ಟುಗಳನ್ನು ವಾಪಸ್ ಪಡೆದು, ಆ ಹೆಂಗಸರಿಗೆ ಅವರವರ ಡಾಕ್ಟರ ಮೂಲಕ ಈ ವಾರದಲ್ಲೇ ತಿಳಿಸಿ.