ಇಐವಿ: ಅರ್ಧ ಕೆಲಸ ಮುಗಿಸುವ ಸಾಫ್ಟ್‌ವೇರ್
ಅಮೆರಿಕದ ಸಬ್ಸಿಡಿ ಮನೆಗಳಿಗೆ ಯಾರು ಅರ್ಹರು, ಬಾಡಿಗೆ ಎಷ್ಟು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ದಿನವಿಡೀ ಎದುರಿಗಿರುವುದು ಅಲ್ಲಿನ ವಸತಿ ಇಲಾಖೆ ಹಡ್‌ನ ಇಐವಿ, ಅಂದರೆ ಆದಾಯ ಪರಿಶೀಲಿಸುವ ಸಾಫ್ಟ್‌ವೇರ್. ಬಾಡಿಗೆದಾರರ ಸಂಬಳ, ನಿರುದ್ಯೋಗ ಭತ್ಯೆ, ಸೋಷಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿಯಂಥ ನೆರವು) ಎಲ್ಲಾ ಒಂದೇ ಕಡೆ. ಕಂಪನಿಗಳಿಗೆ ಪತ್ರ ಬರೆದು ಕಾಯುವ ಗೋಳು ಕಮ್ಮಿ.

ಆದರೆ ಸಂಬಳ ಮೂರು ತಿಂಗಳ ಮೊತ್ತವಾಗಿ, ಅದೂ ತಡವಾಗಿ ಬರುತ್ತದೆ. ಮೊನ್ನೆ ಒಬ್ಬರು ಕೆಲಸ ಬಿಟ್ಟು ಎಷ್ಟೋ ದಿನ ಆಗಿತ್ತು, ಪರದೆ ಮೇಲೆ ಮಾತ್ರ ಸಂಬಳ ಜೋರಾಗೇ ಇತ್ತು! ಅದನ್ನೇ ನಂಬಿ ಆದಾಯದ 30% ಬಾಡಿಗೆ ಹಾಕಿದರೆ ಅವರ ಗತಿ? ಪೇಸ್ಲಿಪ್ ಕೇಳಲೇಬೇಕು. ಮನೆಯಲ್ಲೇ ಕೂದಲು ಕತ್ತರಿಸಿ ದುಡಿಯುವವರ ನಗದು ಇದರಲ್ಲಿ ಕಾಣುವುದೇ ಇಲ್ಲ. ಹೊಸ ಅರ್ಜಿದಾರರು ಬೇರೆ ಕಡೆ ಆಗಲೇ ಸಬ್ಸಿಡಿ ಪಡೆಯುತ್ತಿದ್ದಾರಾ ಅಂತ ಹುಡುಕೋಕೆ ಮಾತ್ರ ಸೂಪರ್. ಐದಕ್ಕೆ ನಾಲ್ಕು ಸ್ಟಾರ್.