ಒಳಾಂಗಣ ಆಟದ ಫೋಟೊ: ಪೂರ್ತಿ ಮ್ಯಾನುಯಲ್, ಆಟೋ ಐಎಸ್‌ಒ, ಶಟರ್ ಪ್ರಯಾರಿಟಿ

ಯಾವ ಮೋಡ್ ಆರಿಸಿದರೂ ಶಟರ್ ವೇಗದಲ್ಲಿ ರಾಜಿ ಬೇಡ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್‌ಗೆ 1/1000 ಸೆಕೆಂಡ್ ಇಡಿ. 1/500ರಲ್ಲಿ ಮುಖ ಸ್ಪಷ್ಟವಾಗಿ ಬರಬಹುದು, ಆದರೆ ಸ್ಮ್ಯಾಶ್ ಹೊಡೆಯುವ ಕೈ ಮಸುಕಾಗುತ್ತದೆ. ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ) ಎಫ್/2.8, ಇಲ್ಲವೇ ಲೆನ್ಸ್ ತೆರೆಯುವಷ್ಟೂ ತೆರೆಯಿರಿ. ಇನ್ನು ಬೆಳಕನ್ನು ಅಳೆಯುವವರು ನೀವೋ ಕ್ಯಾಮೆರಾವೋ ಎಂಬುದಷ್ಟೇ ಪ್ರಶ್ನೆ.

ಅಂಕಣದ ತುಂಬ ಬೆಳಕು ಒಂದೇ ಸಮನಾಗಿದ್ದರೆ ಪೂರ್ತಿ ಮ್ಯಾನುಯಲ್, ಅಂದರೆ ಎಲ್ಲವನ್ನೂ ನೀವೇ ಹೊಂದಿಸುವ ಮೋಡ್, ವಾಸಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ರಿಂದ ಶುರುಮಾಡಿ, ಆಟಗಾರರ ಮುಖ ಸರಿಯಾಗಿ ಕಾಣುವವರೆಗೆ ಏರಿಸಿ. ಬಿಳಿ ಜೆರ್ಸಿ ಎದುರಾದರೂ, ಹಿಂದೆ ಕತ್ತಲ ಗ್ಯಾಲರಿ ಬಂದರೂ ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಕದಲುವುದಿಲ್ಲ. ಆಮೇಲೆ ನೂರಾರು ಚಿತ್ರಗಳನ್ನು ಒಂದೇ ಏಟಿಗೆ ತಿದ್ದಬಹುದು, ಇದು ಸಣ್ಣ ಲಾಭವಲ್ಲ.

ನಡು ಅಂಕಣ ಬೆಳಗಿ ಮೂಲೆಗಳು ಮಂಕಾಗಿದ್ದರೆ, ಕಿಟಕಿಯಿಂದ ಬಿಸಿಲು ಬೀಳುತ್ತಿದ್ದರೆ ಮ್ಯಾನುಯಲ್ ಜೊತೆ ಆಟೋ ಐಎಸ್‌ಒ ಇಡಿ; ಐಎಸ್‌ಒ ಮಾತ್ರ ಕ್ಯಾಮೆರಾ ಆರಿಸುತ್ತದೆ. ಗರಿಷ್ಠ ಮಿತಿ 12800 ಸಾಕು. ಬಿಳಿ ಜೆರ್ಸಿ ಚೌಕಟ್ಟು ತುಂಬಿದಾಗ ಬೆಳಕು ಅಳೆಯುವ ಮೀಟರ್ ಮೋಸಹೋಗಿ ಮುಖ ಕಪ್ಪಾಗುತ್ತದೆ. ಆಗ ಕಾಂಪೆನ್ಸೇಶನ್ (ಕ್ಯಾಮೆರಾದ ಅಳತೆಯನ್ನು ತಿದ್ದುವ ಸೆಟ್ಟಿಂಗ್) +0.7 ಕೊಡಿ.

ಶಟರ್ ವೇಗ ನೀವು, ಅಪರ್ಚರ್ ಕ್ಯಾಮೆರಾ ಆರಿಸುವ ಶಟರ್ ಪ್ರಯಾರಿಟಿ ಹೊಸಬರಿಗೆ ಸಲೀಸು. ಆದರೆ ಐಎಸ್‌ಒ ಕಟ್ಟಿಹಾಕಿದ್ದರೆ, ಅಪರ್ಚರ್ ಪೂರ್ತಿ ತೆರೆದ ಮೇಲೂ ಬೆಳಕು ಸಾಲದೆ ಚಿತ್ರ ಕಪ್ಪಾಗಿಯೇ ಬರುತ್ತದೆ.

ಸಾಲಾಗಿ ತೆಗೆದ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಮುಂದಿನದು ಹಳದಿಯಾಗಿ ಮಂಕು ಬಂದರೆ ಮೋಡ್ ಬದಲಿಸಬೇಡಿ. ವಿದ್ಯುತ್ ದೀಪಗಳು ಸೆಕೆಂಡಿಗೆ 100 ಅಥವಾ 120 ಸಲ ಮಿನುಗುವುದೇ ಕಾರಣ. ಈ ಮಿನುಗಿಗೆ ತಕ್ಕಂತೆ ಕ್ಲಿಕ್ಕಿಸುವ ಆಂಟಿ-ಫ್ಲಿಕರ್ ಸೆಟ್ಟಿಂಗ್ ಹಾಕಿ; ಬರ್ಸ್ಟ್ (ಸಾಲು ಚಿತ್ರ ತೆಗೆಯುವ ವೇಗ) ತುಸು ನಿಧಾನವಾಗಬಹುದು, ಆದರೆ ಬಣ್ಣ ಕೆಡುವುದಿಲ್ಲ.