350 ಸಿಸಿ ಬೇಕು ಅಂತ ಹೋಗಿ 275ಕ್ಕೆ ಒಪ್ಪಿಕೊಂಡೆ: ಸ್ತನ ಇಂಪ್ಲಾಂಟ್ ಜೊತೆ ಐದು ವರ್ಷ

ನಾನು ಹಾಸನದವಳು. ಇಬ್ಬರು ಮಕ್ಕಳು, ಇಬ್ಬರಿಗೂ ಒಂದೂವರೆ ವರ್ಷ ಹಾಲು ಕುಡಿಸಿದ್ದೇನೆ. ಆಮೇಲೆ ಎದೆ ಗಾಳಿ ಹೋದ ಬಲೂನಿನ ಥರ ಆಗಿತ್ತು. ಯಾರೂ ಏನೂ ಅಂದಿರಲಿಲ್ಲ, ಗಂಡನೂ ಅಂದಿರಲಿಲ್ಲ, ನನಗೇ ಕನ್ನಡಿ ಮುಂದೆ ನಿಲ್ಲೋಕೆ ಬೇಜಾರು. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಂಪ್ಲಾಂಟ್, ಅಂದರೆ ಜೆಲ್ ತುಂಬಿದ ಚೀಲ, ಎದೆಯೊಳಗೆ ಇಡುವ ಆಪರೇಷನ್ ಮಾಡಿಸಿಕೊಂಡೆ. ಐದು ವರ್ಷ ದಾಟಿದೆ, ಮೊದಲ ಸ್ಕ್ಯಾನ್ ಕೂಡ ಆಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಆಪರೇಷನ್ ಆಗಿ ಮೂರು ವಾರಕ್ಕೆ ಬರೆದ ವಿಮರ್ಶೆಗಳನ್ನು ನಾನು ನಂಬುವುದಿಲ್ಲ, ಆಗಿನ್ನೂ ಊತವೇ ಇಳಿದಿರುವುದಿಲ್ಲ.

ಮೊದಲು ಹೋಗಿದ್ದ ಕ್ಲಿನಿಕ್ ಬೇರೆ. ಡಾಕ್ಟರ್ ಹತ್ತು ನಿಮಿಷ ಮಾತಾಡಿ ಹೋದರು, ಆಮೇಲೆ ಒಬ್ಬ ಹುಡುಗಿ ಫೋಟೋ ಆಲ್ಬಮ್ ತಂದು ಮುಂದಿಟ್ಟಳು. ಸೀರೆ ಅಂಗಡಿಯಲ್ಲಿ ತೋರಿಸಿದ ಹಾಗೆ ಒಂದೊಂದೇ ಪುಟ ತಿರುಗಿಸುತ್ತಾ, 'ಎಲ್ಲರೂ ಈಗ 350 ಸಿಸಿಗೆ ಮೇಲೇ ಹಾಕಿಸಿಕೊಳ್ಳುತ್ತಾರೆ ಮೇಡಂ, ಚಿಕ್ಕದು ಹಾಕಿಸಿಕೊಂಡರೆ ಆಮೇಲೆ ಪಶ್ಚಾತ್ತಾಪ' ಅಂದಳು. ಟೇಪ್ ಹಿಡಿದು ಒಂದು ಅಳತೆ ತೆಗೆದಿರಲಿಲ್ಲ ಯಾರೂ. ನನಗೂ ಆಗ ಬುದ್ಧಿ ಇರಲಿಲ್ಲ, 350 ಅಂತ ತಲೆಯಲ್ಲಿ ಕೂತುಬಿಟ್ಟಿತು.

ಸಿಸಿ ಅಂದರೆ ಒಳಗಿನ ಜೆಲ್ ಎಷ್ಟು ಅನ್ನುವ ಲೆಕ್ಕ, ಔಷಧಿ ಬಾಟಲಿಯ ಮಿಲಿ ಇದೆಯಲ್ಲ, ಅದೇ. ಅದು ಬ್ರಾ ಸೈಜ್ ಅಲ್ಲ. ಫೋಟೋದಲ್ಲಿದ್ದ ಹೆಂಗಸು ಐದೂ ಮುಕ್ಕಾಲು ಅಡಿ, ಅಗಲ ಎದೆ. ನಾನು ಐದು ಅಡಿ ಒಂದು ಇಂಚು. ಒಂದು ಚೊಂಬು ನೀರನ್ನು ಅಗಲದ ತಟ್ಟೆಗೆ ಸುರಿದರೂ ಲೋಟಕ್ಕೆ ಸುರಿದರೂ ಒಂದೇ ಥರ ಕಾಣುತ್ತದಾ?

ಎರಡನೇ ಡಾಕ್ಟರ್ ಬಳಿ ಹೋದಾಗ ಅವರು ಸಿಸಿ ಮಾತೇ ಎತ್ತಲಿಲ್ಲ. ಕ್ಯಾಲಿಪರ್ ತೆಗೆದುಕೊಂಡು ಸ್ತನದ ಬುಡದ ಅಗಲ ಅಳೆದರು: 12 ಸೆಂಟಿಮೀಟರ್. ಮೇಲ್ಭಾಗದ ಚರ್ಮ ಚಿವುಟಿ ಹಿಡಿದು ದಪ್ಪ ನೋಡಿದರು, 2 ಸೆಂಟಿಮೀಟರ್‌ಗೂ ಕಡಿಮೆ. 'ನಿಮಗೆ ಮುಚ್ಚೋಕೆ ಮಾಂಸ ಕಡಿಮೆ, ಸ್ನಾಯುವಿನ ಕೆಳಗೆ ಇಡೋಣ. ಇಂಪ್ಲಾಂಟ್ ಅಗಲ ನಿಮ್ಮ ಬುಡದ ಅಗಲಕ್ಕಿಂತ ಜಾಸ್ತಿ ಹೋಗಬಾರದು' ಅಂದರು. ಅಗಲ ಮೀರಿದರೆ ಪಕ್ಕದಲ್ಲಿ ಕಂಕುಳ ಕಡೆ ತಳ್ಳುತ್ತದೆ, ಇಲ್ಲವಾದರೆ ಮಧ್ಯದಲ್ಲಿ ಎರಡೂ ಹತ್ತಿರ ಬಂದು ಅಂಟಿಕೊಂಡ ಹಾಗೆ ಆಗುತ್ತದೆ. ಅಗಲ ಹಾಗೇ ಇಟ್ಟು ಸಿಸಿ ಜಾಸ್ತಿ ಬೇಕು ಅಂದರೆ ಮುಂದಕ್ಕೆ ಉಬ್ಬಿದ ಮಾದರಿ ಹಾಕಬೇಕು, ಅದನ್ನೇ ಹೈ ಪ್ರೊಫೈಲ್ ಅನ್ನುತ್ತಾರೆ. ತೆಳ್ಳಗಿನ ಚರ್ಮದ ಮೇಲೆ ಅಷ್ಟು ಭಾರ ಬಿದ್ದರೆ ವರ್ಷ ಕಳೆದ ಹಾಗೆ ಚರ್ಮ ಹಿಗ್ಗಿ ಇಂಪ್ಲಾಂಟ್ ಕೆಳಗೆ ಜಾರುವ ಅಪಾಯ ಜಾಸ್ತಿ. ಇನ್ನೊಂದು ಮಾತನ್ನೂ ಅವರೇ ಹೇಳಿದ್ದು: ಜೋತು ಬಿದ್ದಿದ್ದನ್ನು ಇಂಪ್ಲಾಂಟ್ ಎತ್ತುವುದಿಲ್ಲ, ತುಂಬುತ್ತದೆ ಅಷ್ಟೇ. ಜಾಸ್ತಿ ಜೋತಿದ್ದರೆ ಲಿಫ್ಟ್ ಅಂತ ಎತ್ತಿ ಕೂರಿಸುವ ಆಪರೇಷನ್ ಬೇರೆ ಮಾಡಿಸಬೇಕು. ನನಗೆ ಅದು ಬೇಕಾಗಲಿಲ್ಲ, ಪುಣ್ಯ.

ಮನೆಗೆ ಹೋಗಿ ಅಕ್ಕಿ ಪರೀಕ್ಷೆ ಮಾಡಿ ನೋಡಿ ಅಂದರು. ಮಗುವಿನ ಹಾಲಿನ ಬಾಟಲಿ ಅಟ್ಟದ ಮೇಲಿತ್ತು, ಮಿಲಿ ಗೆರೆ ಇರುವಂಥದ್ದು. ಅದರಲ್ಲಿ ಅಳೆದು ಹಳೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ ಗಂಟು ಹಾಕಿ ಬ್ರಾ ಒಳಗಿಟ್ಟುಕೊಂಡೆ. ನಮ್ಮ ಮನೆಯಲ್ಲಿದ್ದದ್ದು ರಾಜಮುಡಿ, ಹೊಳೆನರಸೀಪುರದ ಅತ್ತೆ ಮನೆಯದು. ಮೊದಲ ದಿನ 350. ಬೆಳಿಗ್ಗೆ ಹಾಕಿಕೊಂಡು ಮನೆಯಲ್ಲೇ ಓಡಾಡಿದೆ, ಮಧ್ಯಾಹ್ನ ಬಗ್ಗಿ ಅಂಗಳ ಗುಡಿಸುವಾಗ ಎದೆಯೇ ಮುಂದೆ ಮುಂದೆ ಹೋಗುತ್ತಿತ್ತು, ಸಂಜೆಗೆ ಹೆಗಲ ಮೇಲೆ ಬ್ರಾ ಪಟ್ಟಿಯ ಕೆಂಪು ಗೆರೆ. ಮಾರನೇ ದಿನ 50 ಮಿಲಿ ಹೊರಗೆ ತೆಗೆದೆ. ಮೂರನೇ ದಿನ ಮತ್ತೆ 25. 275ರಲ್ಲಿ ಮಧ್ಯಾಹ್ನದ ಹೊತ್ತಿಗೆ ಅದು ಇರುವುದೇ ಮರೆತುಹೋಗಿ, ಹಾಗೇ ಬಾಗಿಲು ತೆಗೆದು ಹಾಲಿನವನ ಹತ್ತಿರ ಮಾತಾಡಿ ಬಂದಿದ್ದೆ!

ಈ ಪರೀಕ್ಷೆ ಪೂರ್ತಿ ನಿಜ ಅಲ್ಲ. ಬ್ರಾ ಒಳಗಿನ ಅಕ್ಕಿ ಉಬ್ಬಿ ಕಾಣುತ್ತದೆ, ಸ್ನಾಯುವಿನ ಕೆಳಗಿಟ್ಟ ಇಂಪ್ಲಾಂಟ್ ಸ್ವಲ್ಪ ಚಪ್ಪಟೆಯಾಗಿ ಕೂರುತ್ತದೆ. ತೂಕದಲ್ಲೂ ಮೋಸ ಇದೆ, ಅಷ್ಟೇ ಮಿಲಿ ಅಕ್ಕಿ ಜೆಲ್‌ಗಿಂತ ಹಗುರ. ಆದರೂ ಆಲ್ಬಮ್‌ಗಿಂತ ಕಾಲುಚೀಲವೇ ವಾಸಿ.

ಕೊನೆಗೆ ಬಲಕ್ಕೆ 275, ಎಡಕ್ಕೆ 300. ಯಾಕೆ ಅಂದರೆ ಎಡಗಡೆ ಮೊದಲಿನಿಂದಲೂ ಚಿಕ್ಕದು. ಇದು ಡಾಕ್ಟರ್‌ಗಿಂತ ಮೊದಲು ನಮ್ಮ ಬ್ಲೌಸ್ ಹೊಲಿಯುವ ಅಕ್ಕನಿಗೆ ಗೊತ್ತಿತ್ತು, ಪ್ರತಿ ಸಲ ಎಡಗಡೆಯ ಡಾಟ್ ಸ್ವಲ್ಪ ಒಳಗೆ ಹಿಡಿಯುತ್ತಿದ್ದಳು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ. ತುಂಬ ಹೆಂಗಸರಿಗೆ ಹೀಗೇ ಇರುತ್ತದಂತೆ, ಎರಡೂ ಕಡೆ ಬೇರೆ ಬೇರೆ ಸೈಜ್ ಹಾಕುವುದು ಮಾಮೂಲು.

ನುಣುಪು ಮೇಲ್ಮೈಯ ಸಿಲಿಕೋನ್ ಆರಿಸಿಕೊಂಡೆ. 2019ರ ಜುಲೈನಲ್ಲಷ್ಟೇ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಅನ್ನುವ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತ್ತು, ಅವುಗಳ ಜೊತೆ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರ್ ತಳುಕು ಹಾಕಿಕೊಂಡಿತ್ತು. ಅಷ್ಟು ಓದಿದ ಮೇಲೆ ಒರಟಿನ ತಂಟೆಗೇ ಹೋಗಲಿಲ್ಲ.

ಖರ್ಚು ಎಲ್ಲಾ ಸೇರಿ ಎರಡು ಲಕ್ಷದ ಹತ್ತಿರ. ಇದು ಅಂದಕ್ಕೆ ಮಾಡಿಸುವ ಆಪರೇಷನ್, ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ. ನಾಲ್ಕನೇ ದಿನ ಕಾರಿನಲ್ಲಿ ವಾಪಸ್ ಬಂದೆವು. ನೆಲಮಂಗಲ ದಾಟಿದ ಮೇಲೆ ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಪ್ರತಿ ಹಂಪ್‌ಗೂ ಸೀಟ್ ಬೆಲ್ಟ್ ಕೆಳಗೆ ಇಟ್ಟಿದ್ದ ದಿಂಬನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಿದ್ದೆ. ಮೊದಲ ವಾರ ನೋವಿಗಿಂತ ಬಿಗಿತ ಜಾಸ್ತಿ, ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ. ಆರು ವಾರ ಕುಕ್ಕರ್ ಎತ್ತಲಿಲ್ಲ, ಅಟ್ಟಕ್ಕೆ ಕೈ ಹಾಕಲಿಲ್ಲ. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮುಂದಿನ ಚೆಕಪ್ ವಿಡಿಯೋ ಕಾಲ್‌ನಲ್ಲೇ ಆಯ್ತು. ಬಾಗಿಲು ಹಾಕಿಕೊಂಡು ಫೋನಿಗೆ ಎದೆ ತೋರಿಸುವಾಗ ಹೊರಗೆ ಅತ್ತೆ 'ಯಾರ ಜೊತೆ ಮಾತು?' ಅಂತ ಕೂಗುತ್ತಿದ್ದರು.

ಆರಂಭದಲ್ಲಿ ಎರಡೂ ಕತ್ತಿನ ಹತ್ತಿರ ಏರಿ ಕೂತಿದ್ದವು, ನೋಡಿ ಅತ್ತಿದ್ದೆ. ಮೂರು ನಾಲ್ಕು ತಿಂಗಳಲ್ಲಿ ಇಳಿದು ಮೆತ್ತಗಾದವು. ಆಗ ಶುರುವಾಯಿತು ಇನ್ನೊಂದು ರಾಗ: ಚಿಕ್ಕದಾಯಿತಾ? ಊತದ ಸೈಜಿಗೆ ಕಣ್ಣು ಒಗ್ಗಿಹೋಗಿತ್ತು, ಇಳಿದ ಮೇಲೆ ಕಳೆದುಕೊಂಡ ಹಾಗೆ ಅನಿಸಿತು. ಒಂದು ವರ್ಷ ಈ ಕೊರಗು ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಮೂವತ್ತೆಂಟು ವಯಸ್ಸಿಗೆ, ಬೆನ್ನು ನೋವಿಲ್ಲದೆ ದಿನಾ ಬೆಳಿಗ್ಗೆ ಮಹಾರಾಜ ಪಾರ್ಕ್‌ನಲ್ಲಿ ಬಿರುಸಾಗಿ ನಡೆಯುವಾಗ 350 ನೆನಪಿಗೂ ಬರುವುದಿಲ್ಲ.

ದೂರುಗಳೂ ಇವೆ. ಅಕ್ಕಿ ರೊಟ್ಟಿ ತಟ್ಟುವಾಗ ಎದೆಯ ಸ್ನಾಯು ಬಿಗಿಯಾಗಿ ಎರಡೂ ಇಂಪ್ಲಾಂಟ್ ಪಕ್ಕಕ್ಕೆ ಸರಿಯುತ್ತವೆ, ಸ್ನಾಯುವಿನ ಕೆಳಗೆ ಇಟ್ಟಿದ್ದರ ಫಲ ಅದು. ಬಗ್ಗಿದಾಗ ಎಡಗಡೆ ಹೊರಬದಿಯಲ್ಲಿ ಸಣ್ಣ ಸುಕ್ಕು ಬೆರಳಿಗೆ ಸಿಗುತ್ತದೆ. ಬಲಗಡೆ ಗಾಯದ ಹತ್ತಿರ ಒಂದು ರೂಪಾಯಿ ಅಗಲ ಜಾಗದಲ್ಲಿ ಇವತ್ತಿಗೂ ಸ್ಪರ್ಶ ಇಲ್ಲ. ಮತ್ತೆ ಹಾಸನದಲ್ಲಿ ನನ್ನ ಸೈಜಿನ ಬ್ರಾ ಹುಡುಕುವುದು, ಅದೂ ಅಂಗಡಿಯಲ್ಲಿ ಗಂಡಸರೇ ನಿಂತಿರುವಾಗ, ಅದನ್ನೇ ಬೇರೆ ವಿಮರ್ಶೆಯಾಗಿ ಬರೆಯಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ.

ಬ್ಲೌಸ್ ಅಕ್ಕನಿಗೆ ನಾನು ಹೇಳಲೇ ಇಲ್ಲ. ಆ ವರ್ಷದ ದೀಪಾವಳಿಗೆ ಅಳತೆ ಕೊಡೋಕೆ ಹೋದಾಗ ಟೇಪ್ ಎರಡು ಸಲ ಹಿಡಿದಳು. ಪುಸ್ತಕದಲ್ಲಿ ಹಳೆಯ ಅಳತೆ ಹೊಡೆದುಹಾಕಿ ಹೊಸದು ಬರೆದಳು. 'ಎಡಗಡೆ ಡಾಟ್ ಇನ್ಮೇಲೆ ಬೇಡ' ಅಂದಳು, ಅಷ್ಟೇ, ಮತ್ತೆ ಮಿಷನ್ ತುಳಿಯೋಕೆ ಶುರು ಮಾಡಿದಳು.

ಇವು ಜೀವನಪೂರ್ತಿ ಇರುವ ವಸ್ತು ಅಲ್ಲ, ಯಾವತ್ತೋ ಒಂದು ದಿನ ಬದಲಿಸಬೇಕಾಗಬಹುದು, ಆ ದುಡ್ಡನ್ನು ಈಗಲೇ ಸ್ವಲ್ಪ ಸ್ವಲ್ಪ ಎತ್ತಿಡುತ್ತಿದ್ದೇನೆ. ಸಿಲಿಕೋನ್ ಒಳಗೇ ಒಡೆದರೆ ಹೊರಗೆ ಗೊತ್ತಾಗದೇ ಇರಬಹುದು, ಅದಕ್ಕೆ ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ. 2025ರಲ್ಲಿ ಅಲ್ಟ್ರಾಸೌಂಡ್ ಮಾಡಿಸಿದೆ, ಎರಡೂ ಸರಿ ಇವೆ. ಮುಂದಿನದು 2027ಕ್ಕೆ. ಇಂಪ್ಲಾಂಟ್ ನಂಬರ್ ಇರುವ ಕಾರ್ಡ್ ಬೀರುವಿನಲ್ಲಿ ಮಕ್ಕಳ ಲಸಿಕೆ ಕಾರ್ಡಿನ ಜೊತೆ ಇದೆ. ಅಕ್ಕಿಯನ್ನು ಆವತ್ತೇ ತೊಳೆದು ಅನ್ನ ಮಾಡಿದ್ದೆ, ಅತ್ತೆಗೆ ಗೊತ್ತಿಲ್ಲ.